ಸಭೆ ಫೋನಿನಲ್ಲಿ, ಕೋರಂ ಕೊಠಡಿಯಲ್ಲಿ

ಸಾಂಕ್ರಾಮಿಕ ರೋಗ ಹರಡಿರುವಾಗ ಪಂಚಾಯಿತಿ ಸಭೆಗಳನ್ನು ದೂರದಿಂದಲೇ ನಡೆಸುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳೇ ಹೆಚ್ಚು. ಮಲೆನಾಡಿನವರಿಗೆ ನೆಟ್‌ವರ್ಕ್‌ ಚಿಂತೆ, ಬಯಲುಸೀಮೆಯವರಿಗೆ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಯ ಚಿಂತೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಕೇಳಿದವರ ಹೆಸರು, ಊರು ಬಿಟ್ಟು ತಾಲ್ಲೂಕು ಮಾತ್ರ ಹಾಕಿದ್ದೇವೆ.

ಕೊರೊನಾ ತರಹದ ಕಾಯಿಲೆ ಮತ್ತೆ ಬಂದರೆ ಮಾಸಿಕ ಸಭೆಗೆ ಮನೆಯಿಂದಲೇ ಮೊಬೈಲಿನಲ್ಲಿ ಸೇರಬಹುದೇ? ಹಾಗೆ ಸೇರಿದರೆ ಹಾಜರಿ ಸಿಗುತ್ತದೆಯೇ? “ಜೂಮ್‌ನಲ್ಲಿ ಇದ್ದರೂ ಸಭೆಯಲ್ಲಿ ಇದ್ದಂತೆಯೇ” ಎನ್ನುತ್ತಾರೆ ನಮ್ಮ ಅಧ್ಯಕ್ಷರು.
– ಗ್ರಾ.ಪಂ. ಸದಸ್ಯೆ, ಸಕಲೇಶಪುರ ತಾಲ್ಲೂಕು

ಮಾತಾಡಲು ಸೇರಬಹುದು, ಯಾರೂ ತಡೆಯುವುದಿಲ್ಲ. ಹಾಜರಿ, ಕೋರಂ, ಮತ ಈ ಮೂರಕ್ಕೆ ಮಾತ್ರ ಸರ್ಕಾರದ ಲಿಖಿತ ಆದೇಶ ಕೈಯಲ್ಲಿರಬೇಕು. ಅಧ್ಯಕ್ಷರ ಮಾತು ಸಾಲದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮಾತೂ ಸಾಲದು.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ 52 ಮತ್ತು 53ನೇ ಪ್ರಕರಣಗಳು ಸಭೆ, ನೋಟಿಸು, ಕೋರಂ, ಮತದಾನದ ವಿಚಾರ ಹೇಳುತ್ತವೆ. ತೀರ್ಮಾನ ಆಗುವುದು ಹಾಜರಿರುವ ಸದಸ್ಯರ ಬಹುಮತದಿಂದ. ಈ ಕಾಯ್ದೆ ಬರೆದಾಗ ಹಾಜರಿ ಎಂದರೆ ಖುದ್ದಾಗಿ ಬಂದು ಕೂರುವುದು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ತೆರೆಯ ಮೇಲೆ ಕಾಣುವವರೂ ಹಾಜರೇ ಎಂದು ಹೇಳಬೇಕಾದರೆ, ಹೇಳುವ ಅಧಿಕಾರ ಇರುವವರೇ ಹೇಳಬೇಕು.

2020ರಲ್ಲಿ ಎಲ್ಲ ಕಡೆ ಆದದ್ದೂ ಇದೇ. ನ್ಯಾಯಾಲಯಗಳು ವಿಡಿಯೊದಲ್ಲಿ ಕಲಾಪ ನಡೆಸಲು ಸುಪ್ರೀಂ ಕೋರ್ಟ್ 2020ರ ಏಪ್ರಿಲ್ 6ರಂದು ಸಂವಿಧಾನದ 142ನೇ ವಿಧಿಯಡಿ ಆದೇಶ ಹೊರಡಿಸಿತು. ಕಂಪನಿಗಳು ಷೇರುದಾರರ ವಿಶೇಷ ಸಭೆಗಳನ್ನು ವಿಡಿಯೊದಲ್ಲಿ ನಡೆಸಲು ಎರಡು ದಿನ ಬಿಟ್ಟು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಸುತ್ತೋಲೆ ಕೊಟ್ಟಿತು. ಇಂಗ್ಲೆಂಡಿನ ಉದಾಹರಣೆ ಇನ್ನೂ ಸ್ಪಷ್ಟ. ಅಲ್ಲಿನ ಸ್ಥಳೀಯ ಸಂಸ್ಥೆಗಳ ಕಾಯ್ದೆ 1972ರದು. 2020ರ ಏಪ್ರಿಲ್ 4ರಿಂದ ಜಾರಿಯಾದ ತಾತ್ಕಾಲಿಕ ನಿಯಮಗಳಡಿ ದೂರದಿಂದ ಸಭೆ ನಡೆಸಲು ಅವಕಾಶ ಸಿಕ್ಕಿತು. ಆ ಅವಕಾಶ 2021ರ ಮೇ 7ಕ್ಕೆ ಮುಗಿಯುವುದಿತ್ತು. ಅವಧಿ ಮುಗಿದ ಮೇಲೂ ಹಳೇ ಕಾಯ್ದೆಯಡಿಯೇ ಆನ್‌ಲೈನ್ ಸಭೆ ನಡೆಸಬಹುದು ಎಂದು ಕೆಲವರು ಕೋರ್ಟಿಗೆ ಹೋದರು. 1972ರ ಕಾಯ್ದೆಯ ಸಭೆ ಎಂದರೆ ಒಂದು ಜಾಗದಲ್ಲಿ ಕೂಡುವುದೇ ಎಂದು 2021ರ ಏಪ್ರಿಲ್ 28ರಂದು ಅಲ್ಲಿನ ಹೈಕೋರ್ಟ್ ತೀರ್ಪು ಕೊಟ್ಟಿತು. ಪಕ್ಕದ ವೇಲ್ಸ್ ಮಾತ್ರ ಅದೇ ವರ್ಷ ಹೊಸ ಕಾಯ್ದೆಯನ್ನೇ ಮಾಡಿಕೊಂಡು ದೂರದ ಹಾಜರಿಯನ್ನು ಕಾಯಂ ಮಾಡಿತು. ಎರಡೂ ಕಡೆ ಜಾಲ ಅದೇ, ಆ್ಯಪ್ ಅದೇ. ಬೇರೆಯಾಗಿದ್ದು ಕಾಯ್ದೆ.

ನಮ್ಮಲ್ಲಿ ಇನ್ನೊಂದು ಗೊಂದಲವಿದೆ. ವಿಪತ್ತು ನಿರ್ವಹಣಾ ಕಾಯ್ದೆ 2005, ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ 2020 ಇವುಗಳಡಿ ಜಿಲ್ಲಾಧಿಕಾರಿ ಗುಂಪು ಸೇರುವುದನ್ನು ನಿಷೇಧಿಸಿದರೆ, ಸಭೆ ತನ್ನಿಂದ ತಾನೇ ಆನ್‌ಲೈನ್ ಆಯಿತೆಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಗುಂಪು ಸೇರಬೇಡಿ ಎನ್ನುವ ಆದೇಶ ಬೇರೆ, ಫೋನಿನಲ್ಲಿ ಇದ್ದವರನ್ನು ಕೋರಂಗೆ ಎಣಿಸಿ ಎನ್ನುವ ಆದೇಶ ಬೇರೆ. ಎರಡನೆಯದು ಬಂದಿದೆ ಎಂದು ಯಾರಾದರೂ ಹೇಳಿದರೆ ಪ್ರತಿ ಕೇಳಿ. ಆದೇಶದ ಸಂಖ್ಯೆ, ದಿನಾಂಕ, ಗ್ರಾಮ ಪಂಚಾಯಿತಿಗೆ ಅನ್ವಯಿಸುತ್ತದೆಯೇ ಅಥವಾ ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ಮಾತ್ರವೇ, ಯಾವ ದಿನಾಂಕದವರೆಗೆ, ಕೋರಂ ಮತ್ತು ಮತದ ಬಗ್ಗೆ ಏನಿದೆ, ಇಷ್ಟನ್ನು ಓದಿ. “ಸಭೆಗಳನ್ನು ಸಾಧ್ಯವಾದಷ್ಟು ವಿಡಿಯೊ ಕಾನ್ಫರೆನ್ಸ್ ಮೂಲಕ ನಡೆಸುವುದು” ಎಂಬ ಒಂದೇ ಸಾಲಿದ್ದರೆ ಅದು ಅಧಿಕಾರಿಗಳ ಪರಿಶೀಲನಾ ಸಭೆಗೆ ಹೇಳಿದ್ದು ಇರಬಹುದು. ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಅವರಿಂದ ಲಿಖಿತ ಸ್ಪಷ್ಟನೆ ತರಿಸಿಕೊಳ್ಳಿ.

ಆದೇಶ ಇಲ್ಲದಿದ್ದರೆ ನಮ್ಮ ಸಲಹೆ ಇಷ್ಟೇ: ಕೋರಂಗೆ ಬೇಕಾದಷ್ಟು ಜನ ಖುದ್ದಾಗಿ ಬಂದು ದೂರ ದೂರ ಕೂರಲಿ. ವಯಸ್ಸಾದವರು, ಗರ್ಭಿಣಿಯರು, ಮನೆಯಲ್ಲಿ ರೋಗಿ ಇರುವವರು ಫೋನಿನಲ್ಲಿ ಮಾತಾಡಲಿ. ಅವರ ಅಭಿಪ್ರಾಯ ನಡಾವಳಿಗೆ ಬರಲಿ, ಮತದ ಎಣಿಕೆಗೆ ಬೇಡ. ಮನೆಯಲ್ಲಿ ಉಳಿದವರು ಗೈರುಹಾಜರಿಗೆ ಅನುಮತಿ ಕೋರಿ ಮೊದಲೇ ಅರ್ಜಿ ಕೊಡಬೇಕು. ಅನುಮತಿ ಇಲ್ಲದೆ ಸತತವಾಗಿ ಗೈರಾದರೆ ಸದಸ್ಯತ್ವಕ್ಕೇ ಕುತ್ತು. ಫೋನಿನಲ್ಲಿ ಇದ್ದೆ ಎಂಬುದು ಆಗ ರಕ್ಷಣೆಗೆ ಬರುತ್ತದೆಂದು ನಂಬಿ ಕೂರಬೇಡಿ.

ನಮ್ಮ ಪಂಚಾಯಿತಿಯ ಹಳ್ಳಿಗಳಲ್ಲಿ ಅರ್ಧಕ್ಕೆ ಸಿಗ್ನಲ್ ಇಲ್ಲ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಇಂಥಲ್ಲಿ ಆನ್‌ಲೈನ್ ಸಭೆ ಎಂದರೆ ತಮಾಷೆಯಾಗುವುದಿಲ್ಲವೇ? ಏನು ಸಿದ್ಧತೆ ಮಾಡಿಕೊಳ್ಳಬೇಕು?
– ಕಳಸ ಮತ್ತು ಮೂಡಿಗೆರೆ ತಾಲ್ಲೂಕಿನ ಮೂವರು ಓದುಗರು

ವಿಡಿಯೊ ಎಂದು ಹಟ ಹಿಡಿದರೆ ತಮಾಷೆಯೇ. ಧ್ವನಿಯಿಂದ ಶುರು ಮಾಡಿ.

ಒಂದು ಗಂಟೆ ಬರೀ ಧ್ವನಿಗೆ ಸುಮಾರು 30ರಿಂದ 40 ಎಂಬಿ ಡೇಟಾ ಸಾಕು. ವಿಡಿಯೊ ಹಾಕಿದರೆ ಅದೇ ಒಂದು ಗಂಟೆಗೆ 500 ಎಂಬಿ ದಾಟುತ್ತದೆ. ಚಿತ್ರ ಚೆನ್ನಾಗಿ ಬಂದರೆ 1 ಜಿಬಿ ಮುಟ್ಟುವುದೂ ಉಂಟು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವ ಮನೆಯಲ್ಲಿ ಮಗಳ ಪಾಠವೂ ಅದೇ ಫೋನಿನಲ್ಲಿ ನಡೆಯುವುದಿದ್ದರೆ ಈ ಲೆಕ್ಕ ಸಣ್ಣದಲ್ಲ. ಸಿಗ್ನಲ್ ಒಂದು ಕಡ್ಡಿ ಇರುವಲ್ಲಿ ವಿಡಿಯೊ ಧ್ವನಿಯನ್ನೂ ತಿಂದುಹಾಕುತ್ತದೆ. ಆದ್ದರಿಂದ ಸೇರುವಾಗ ಹತ್ತು ಸೆಕೆಂಡು ಮುಖ ತೋರಿಸುವುದು, ಆಮೇಲೆ ಕ್ಯಾಮೆರಾ ಬಂದ್ ಮಾಡುವುದು ರೂಢಿಯಾಗಲಿ.

ಇಂಟರ್‌ನೆಟ್ಟೇ ಇಲ್ಲದವರಿಗೆ, ಕೀಪ್ಯಾಡ್ ಫೋನಿನವರಿಗೆ, ಸಾಮಾನ್ಯ ಕಾನ್ಫರೆನ್ಸ್ ಕರೆ ಇದೆ. ಒಂದು ಮೊಬೈಲಿನಿಂದ ಸಾಮಾನ್ಯವಾಗಿ ಐದು ಜನರನ್ನು ಕೂಡಿಸಬಹುದು, ಕರೆ ಮಾಡಿದವರೂ ಸೇರಿ ಆರು. ಮೊದಲನೆಯವರಿಗೆ ಕರೆ ಮಾಡಿ, ಅವರನ್ನು ಹೋಲ್ಡ್‌ನಲ್ಲಿಟ್ಟು ಎರಡನೆಯವರಿಗೆ ಮಾಡಿ, ‘ಮರ್ಜ್’ ಒತ್ತಿ, ಮತ್ತೆ ಮೂರನೆಯವರಿಗೆ. ಐದು ಜನರನ್ನು ಕೂಡಿಸಲು ಹತ್ತು ನಿಮಿಷ ಹಿಡಿಯುತ್ತದೆ. ಆದ್ದರಿಂದ 11 ಗಂಟೆಯ ಸಭೆಗೆ 10.45ಕ್ಕೇ ಶುರು ಮಾಡಿ. ಆರನೆಯವರನ್ನು ಸೇರಿಸಲು, ಲೈನಿನಲ್ಲಿರುವ ಒಬ್ಬ ಸದಸ್ಯರು ತಮ್ಮ ಫೋನಿನಿಂದ ಇನ್ನೊಬ್ಬರನ್ನು ಎಳೆದುಕೊಳ್ಳುವುದುಂಟು. ಅದು ಬೇಡ. ನಡುವಿನವರ ಲೈನು ಹೋದರೆ ಅವರ ಹಿಂದಿನವರೂ ಹೋಗುತ್ತಾರೆ, ಯಾರು ಹೋದರು ಎಂಬುದೂ ಕಚೇರಿಗೆ ತಿಳಿಯುವುದಿಲ್ಲ. ಐದಕ್ಕಿಂತ ಹೆಚ್ಚು ಜನ ಹೊರಗಿದ್ದರೆ ಇಬ್ಬರು ಅಥವಾ ಮೂವರು ಸದಸ್ಯರು ಸಿಗ್ನಲ್ ಇರುವ ಒಂದು ಶಾಲೆಯಲ್ಲೋ ಅಂಗನವಾಡಿಯಲ್ಲೋ ಕಿಟಕಿ ತೆರೆದು ದೂರ ಕೂತು ಒಂದೇ ಫೋನಿನಲ್ಲಿ ಸೇರಲಿ.

ಆ್ಯಪ್ ಬಳಸುವುದಾದರೆ ಉಚಿತ ಖಾತೆಯ ಮಿತಿ ನೆನಪಿರಲಿ. ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ, ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನ ಇದ್ದರೆ 60 ನಿಮಿಷಕ್ಕೆ. ಕುಡಿಯುವ ನೀರಿನ ವಿಷಯ ಕಾವೇರಿದಾಗಲೇ ತೆರೆ ಖಾಲಿಯಾದರೆ, ಬೇಕೆಂದೇ ಕಡಿದರು ಎಂಬ ಮಾತು ಹುಟ್ಟುತ್ತದೆ. 35ನೇ ನಿಮಿಷಕ್ಕೆ ಅಧ್ಯಕ್ಷರೇ ವಿರಾಮ ಘೋಷಿಸಿ ಎರಡನೆಯ ಲಿಂಕಿಗೆ ಕರೆಯಲಿ. ಎರಡೂ ಲಿಂಕ್‌ಗಳನ್ನು ನೋಟಿಸಿನ ಜೊತೆಗೇ ಕಳಿಸಿರಬೇಕು.

ಇನ್ನು ಕಚೇರಿಯ ಕಡೆ. ಅತಿ ಹೆಚ್ಚು ಕೆಡುವುದು ಇಲ್ಲಿಯೇ, ನೆಟ್‌ವರ್ಕಿನಿಂದಲ್ಲ. ಸಭಾಂಗಣದಲ್ಲಿ ಕೂತ ನಾಲ್ಕು ಜನ ತಮ್ಮ ತಮ್ಮ ಮೊಬೈಲಿನಲ್ಲೂ ಅದೇ ಸಭೆಗೆ ಸೇರುತ್ತಾರೆ. ಒಂದು ಫೋನಿನ ಸ್ಪೀಕರಿನ ಧ್ವನಿ ಇನ್ನೊಂದರ ಮೈಕಿಗೆ ಹೋಗಿ, ಅಲ್ಲಿಂದ ತಿರುಗಿ ಬಂದು ಕೀ ಎಂದು ಕಿರುಚುತ್ತದೆ. ಹೊರಗಿದ್ದವರಿಗೆ ಏನೂ ಕೇಳುವುದಿಲ್ಲ. ಕೊಠಡಿಯಲ್ಲಿ ಒಂದೇ ಸಾಧನ, ಒಂದೇ ಮೈಕು, ಒಂದೇ ಸ್ಪೀಕರ್. ಉಳಿದವರು ಸಭೆಯಿಂದ ಹೊರಬರಬೇಕು. ಮ್ಯೂಟ್ ಮಾಡಿದರೆ ಸಾಲದು, ಅವರ ಫೋನಿನ ಸ್ಪೀಕರು ಆಗಲೂ ಕೂಗುತ್ತಲೇ ಇರುತ್ತದೆ. ಗ್ರಾಮಸಭೆಗೆ ಬಳಸುವ ಧ್ವನಿವರ್ಧಕದ ಮುಂದೆ ಫೋನು ಹಿಡಿದರೂ ಇದೇ ಪಾಡು. ಫೋನನ್ನು ಧ್ವನಿವರ್ಧಕದ ಹಿಂಭಾಗದಲ್ಲಿ, ಮೂರು ನಾಲ್ಕು ಅಡಿ ದೂರದಲ್ಲಿ, ಮಾತಾಡುವವರ ಕಡೆಗೆ ಮುಖ ಮಾಡಿ ಇಡಿ. ಸಣ್ಣ ಸಭೆಗೆ ಧ್ವನಿವರ್ಧಕವೇ ಬೇಡ. ಮೇಜಿನ ನಡುವೆ ಬಟ್ಟೆಯ ಮಡಿಕೆಯ ಮೇಲೆ ಫೋನು ಇಟ್ಟರೆ, ಮೇಜು ಬಡಿಯುವ, ಲೋಟ ಇಡುವ ಸದ್ದು ಮೈಕಿಗೆ ಹೋಗುವುದಿಲ್ಲ. ತಗಡಿನ ಮಾಡಿನ ಕಟ್ಟಡದಲ್ಲಿ ಜೂನ್ ಮಳೆ ಹೊಡೆಯುತ್ತಿದ್ದರೆ ಯಾವ ಉಪಾಯವೂ ನಡೆಯದು. ಮಳೆ ಬಿಡುವಿನ ಹೊತ್ತು ನೋಡಿ, ಇಲ್ಲವೇ ಹಂಚಿನ ಅಥವಾ ಆರ್‌ಸಿಸಿ ಕಟ್ಟಡಕ್ಕೆ ಜಾಗ ಬದಲಿಸಿ.

ಮನೆಯಿಂದ ಸೇರುವವರು ಇಯರ್‌ಫೋನ್ ಹಾಕಿಕೊಂಡರೆ ಅರ್ಧ ತೊಂದರೆ ಕಡಿಮೆ. ಅಂಗಡಿಯಲ್ಲಿ ಸಿಗುವ ಅಗ್ಗದ ತಂತಿಯದೇ ಸಾಕು. ಬ್ಲೂಟೂತ್‌ನದು ಸಭೆಯ ನಡುವೆ ಚಾರ್ಜ್ ಮುಗಿದು ಕೈಕೊಡುತ್ತದೆ.

ಕರೆಂಟಿನ ಲೆಕ್ಕ ಹೀಗೆ. ಕಚೇರಿಯ ಫೈಬರ್ ಪೆಟ್ಟಿಗೆ ಮತ್ತು ವೈಫೈ ರೂಟರ್ ಸೇರಿ 20ರಿಂದ 25 ವಾಟ್ ಎಳೆಯುತ್ತವೆ ಎಂದುಕೊಳ್ಳಿ. 12 ವೋಲ್ಟಿನ 7 ಎಎಚ್ ಬ್ಯಾಟರಿಯ ಸಣ್ಣ ಯುಪಿಎಸ್‌ಗೆ ಇವೆರಡನ್ನು ಮಾತ್ರ ಸಿಕ್ಕಿಸಿದರೆ, ಬ್ಯಾಟರಿ ಹೊಸದಾಗಿದ್ದಾಗ, ಒಂದೂವರೆ ಗಂಟೆಯ ಆಸುಪಾಸು ಬರುತ್ತದೆ. ಅದೇ ಯುಪಿಎಸ್‌ಗೆ ಕಂಪ್ಯೂಟರನ್ನೂ ಪ್ರಿಂಟರನ್ನೂ ಸಿಕ್ಕಿಸಿದರೆ ಹತ್ತು ಹದಿನೈದು ನಿಮಿಷಕ್ಕೆ ಪೀಂಪೀಂ ಎನ್ನತೊಡಗುತ್ತದೆ. ಬಹಳಷ್ಟು ಕಚೇರಿಗಳಲ್ಲಿ ಇರುವುದು ಈ ಎರಡನೆಯ ಜೋಡಣೆಯೇ. ಇಷ್ಟೆಲ್ಲ ಮಾಡಿದರೂ ಟವರಿನ ಬ್ಯಾಟರಿ ಮುಗಿದರೆ ಅಥವಾ ರಸ್ತೆ ಕೆಲಸದ ಜೆಸಿಬಿ ಫೈಬರ್ ಕಡಿದರೆ ನಮ್ಮ ಯುಪಿಎಸ್ ಏನೂ ಮಾಡಲಾರದು. ಅದಕ್ಕೇ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರುವ ಫೋನುಗಳು ಮೇಜಿನ ಮೇಲಿರಲಿ.

ಹಿಂದಿನ ದಿನ ಸಭೆಯ ಹೊತ್ತಿಗೇ ಹದಿನೈದು ನಿಮಿಷ ಪರೀಕ್ಷೆ ಮಾಡಿ. ಬೆಳಿಗ್ಗೆ ಬರುವ ಸಿಗ್ನಲ್ ಮಧ್ಯಾಹ್ನ ಇರುತ್ತದೆಂದೇನಿಲ್ಲ.

ನಡಾವಳಿ ಪುಸ್ತಕದಲ್ಲಿ ಫೋನಿನಲ್ಲಿ ಸೇರಿದವರನ್ನು ಹೇಗೆ ಬರೆಯಬೇಕು? ಆಮೇಲೆ ಬಂದು ಸಹಿ ಮಾಡಿಸಿದರೆ ಆಗದೇ? ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನಡೆಯುತ್ತದೆಯೇ?
– ಗ್ರಾ.ಪಂ. ಕಾರ್ಯದರ್ಶಿ, ಅರಸೀಕೆರೆ ತಾಲ್ಲೂಕು

ಕೊನೆಯ ಪ್ರಶ್ನೆ ಮೊದಲು. ಸಾಮಾನ್ಯ ಸಭೆಗೆ ಏಳು, ವಿಶೇಷ ಸಭೆಗೆ ಮೂರು ಪೂರ್ಣ ದಿನಗಳ ನೋಟಿಸು ಬೇಕು. ಪೂರ್ಣ ದಿನ ಎಂದರೆ ನೋಟಿಸು ತಲುಪಿದ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸುವುದು. ಒಂದನೇ ತಾರೀಕು ತಲುಪಿದ ನೋಟಿಸಿಗೆ ಸಾಮಾನ್ಯ ಸಭೆ ಒಂಬತ್ತಕ್ಕೆ ಮೊದಲು ಆಗದು. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿ, ಆದರೆ ಕಾಗದದ ನೋಟಿಸೂ ಹೋಗಲಿ, ಕಚೇರಿಯ ಫಲಕಕ್ಕೂ ಅಂಟಿಸಿ. ಸೀಲ್‌ಡೌನ್ ಆದ ಮನೆಗೆ ಕರವಸೂಲಿಗಾರರು ಅಥವಾ ನೀರಗಂಟಿ ಹೋದಾಗ ಒಳಗೆ ಹೋಗಿ ಸಹಿ ಪಡೆಯಬೇಕಿಲ್ಲ. ಬಾಗಿಲಲ್ಲಿ ಇಟ್ಟು, ಫೋನು ಮಾಡಿ ತಿಳಿಸಿ, ಕಾಗದದ ಫೋಟೊ ತೆಗೆದು, ನೋಟಿಸು ವಹಿಯಲ್ಲಿ ಸಮಯ ಸಹಿತ ಷರಾ ಬರೆದರೆ ನಂತರ ತಕರಾರು ಬಂದಾಗ ತೋರಿಸಲು ಇರುತ್ತದೆ. ಸಭೆಯ ಜಾಗ ಕಚೇರಿಯಿಂದ ಶಾಲೆಗೆ ಬದಲಾಗಿದ್ದರೆ ನೋಟಿಸಿನಲ್ಲೇ ಇರಬೇಕು.

ಆಮೇಲೆ ಸಹಿ ಮಾಡಿಸುವುದು ಖಂಡಿತ ಬೇಡ. ಹಾಜರಿ ಸಹಿ ಆ ಹೊತ್ತಿಗೆ ಆ ಜಾಗದಲ್ಲಿ ಇದ್ದವರದು. ಸೀಲ್‌ಡೌನ್ ಆಗಿದ್ದ ಮನೆಯ ಸದಸ್ಯರ ಸಹಿ ಅದೇ ದಿನದ ಹಾಜರಿಯಲ್ಲಿ ಕಂಡರೆ, ಒಂದು ಆರ್‌ಟಿಐ ಅರ್ಜಿ ಸಾಕು, ಇಡೀ ಸಭೆಯ ಮೇಲೆ ಅನುಮಾನ ಬರುತ್ತದೆ.

ಬರೆಯುವ ಮಾದರಿ ಹೀಗಿರಲಿ:

“ಬೆಳಿಗ್ಗೆ 11.00ಕ್ಕೆ ಸಭೆ ಆರಂಭ. ಸಭಾಂಗಣದಲ್ಲಿ ಹಾಜರಿದ್ದ ಸದಸ್ಯರು ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದ್ದು, ಕೋರಂ ಇದೆ ಎಂದು ಅಧ್ಯಕ್ಷರು ಘೋಷಿಸಿದರು. ವಾರ್ಡ್ 3ರ ಸದಸ್ಯರು ತಮ್ಮ ಮನೆಯಿಂದ ದೂರವಾಣಿ ಮೂಲಕ 11.05ರಿಂದ 12.20ರವರೆಗೆ ಚರ್ಚೆಯಲ್ಲಿ ಭಾಗವಹಿಸಿದರು. ಇವರನ್ನು ಕೋರಂಗೆ ಪರಿಗಣಿಸಿಲ್ಲ. 11.40ರಿಂದ 11.52ರವರೆಗೆ ಸಂಪರ್ಕ ಕಡಿತವಾಗಿತ್ತು. ವಿಷಯ 4ರ ಚರ್ಚೆಯ ವೇಳೆ ಇವರು ಸಂಪರ್ಕದಲ್ಲಿರಲಿಲ್ಲ.”

ಸರ್ಕಾರದ ಆದೇಶ ಇದ್ದು ಕೋರಂಗೆ ಎಣಿಸುವುದಾದರೆ “ಇವರನ್ನು ಕೋರಂಗೆ ಪರಿಗಣಿಸಿಲ್ಲ” ಎಂಬಲ್ಲಿ ಆದೇಶದ ಸಂಖ್ಯೆ, ದಿನಾಂಕ ಬರೆದು ಪರಿಗಣಿಸಿದೆ ಎನ್ನಿ. ಆಗ ಲೈನು ಕಡಿದಾಗಲೆಲ್ಲ ಕೋರಂ ಉಳಿಯಿತೇ ಎಂದು ನೋಡಬೇಕಾಗುತ್ತದೆ. ಕೋರಂ ತಪ್ಪಿದರೆ ಚರ್ಚೆ ನಿಲ್ಲಿಸಿ, ಪಿಡಿಒ ಆ ಸದಸ್ಯರಿಗೆ ಸಾಮಾನ್ಯ ಕರೆ ಮಾಡಿ, ಐದು ನಿಮಿಷ ಕಾಯಿರಿ. ಎಷ್ಟು ಹೊತ್ತು ಕಾಯುವುದು ಎಂಬುದನ್ನು ಸಭೆಯ ಆರಂಭದಲ್ಲೇ ಒಪ್ಪಿಕೊಂಡು ಬರೆದಿಡಿ. ಇಲ್ಲದಿದ್ದರೆ ಬೇಕಾದವರಿಗೆ ಹತ್ತು ನಿಮಿಷ, ಬೇಡದವರಿಗೆ ಒಂದು ನಿಮಿಷ ಎಂದಾಗುತ್ತದೆ.

ಆದೇಶದಂತೆ ಫೋನಿನವರ ಮತವನ್ನೂ ಎಣಿಸುವುದಾದರೆ, ಮತಕ್ಕೆ ಹಾಕುವಾಗ “ಎಲ್ಲರೂ ಒಪ್ಪಿಗೆಯೇ?” ಎಂದು ಕೇಳಿ ಮುಂದೆ ಹೋಗಬೇಡಿ. ಫೋನಿನಲ್ಲಿರುವವರ ಮೌನ ಒಪ್ಪಿಗೆಯೋ, ಮ್ಯೂಟೋ, ಸಿಗ್ನಲ್ ಹೋಗಿದ್ದೋ ಯಾರಿಗೆ ಗೊತ್ತು? ವಾರ್ಡಿನ ಕ್ರಮದಲ್ಲಿ ಒಬ್ಬೊಬ್ಬರ ಹೆಸರು ಕೂಗಿ, ಪರ, ವಿರೋಧ, ತಟಸ್ಥ ಎಂಬ ಮೂರರಲ್ಲಿ ಒಂದನ್ನು ಬಾಯಲ್ಲಿ ಹೇಳಿಸಿ ಬರೆಯಿರಿ. ಸೂಚಕರು, ಅನುಮೋದಕರು ಇಬ್ಬರೂ ಸಭಾಂಗಣದಲ್ಲಿ ಇದ್ದವರೇ ಆಗಿರಲಿ. ತಮಗೆ ಹಣಕಾಸಿನ ಹಿತಾಸಕ್ತಿ ಇರುವ ವಿಷಯ ಬಂದಾಗ ಸದಸ್ಯರು ಕೊಠಡಿಯಿಂದ ಹೇಗೆ ಎದ್ದು ಹೋಗುತ್ತಾರೋ ಹಾಗೆಯೇ ಫೋನಿನಿಂದಲೂ ಹೊರಹೋಗಬೇಕು, ಮುಗಿದ ಮೇಲೆ ಮತ್ತೆ ಕರೆಯಬೇಕು. ಆ ಎರಡೂ ಸಮಯ ನಡಾವಳಿಯಲ್ಲಿರಲಿ.

ನಡಾವಳಿಯ ಕರಡನ್ನು ಅಂದೇ ಓದಿ ಹೇಳಿ ಮುಗಿಸುವುದು ಒಳ್ಳೆಯದು. ರೆಕಾರ್ಡಿಂಗ್ ಇಟ್ಟುಕೊಂಡರೆ ತಪ್ಪಲ್ಲ, ಆದರೆ ರೆಕಾರ್ಡ್ ಆಗುತ್ತಿದೆ ಎಂದು ಮೊದಲೇ ಎಲ್ಲರಿಗೂ ತಿಳಿಸಬೇಕು. ಅದು ಕಚೇರಿಯ ದಾಖಲೆಯಾಗುತ್ತದೆ, ಡಾಟಾ ಎಂಟ್ರಿ ಆಪರೇಟರ್ ಅವರ ಸ್ವಂತ ಫೋನಿನಲ್ಲಿ ಉಳಿಯಬಾರದು.

ಸದಸ್ಯೆಯ ಹೆಸರಿನಲ್ಲಿ ಫೋನಿಗೆ ಸೇರಿ ಅವರ ಯಜಮಾನರು ಮಾತಾಡುತ್ತಾರೆ. ಕೇಳಿದರೆ “ಅವಳು ಪಕ್ಕದಲ್ಲೇ ಇದ್ದಾಳೆ” ಎನ್ನುತ್ತಾರೆ. ಇನ್ನೊಂದು ಕಡೆ, ಪ್ರಶ್ನೆ ಕೇಳುವ ಸದಸ್ಯರನ್ನು ಮ್ಯೂಟ್ ಮಾಡುತ್ತಾರೆ. ಏನು ಮಾಡುವುದು?
– ಬೇಲೂರು ಮತ್ತು ಚನ್ನರಾಯಪಟ್ಟಣ ತಾಲ್ಲೂಕಿನ ಇಬ್ಬರು

ಮೊದಲನೆಯದು ಕೊಠಡಿಯಲ್ಲೂ ಇದ್ದ ಕಾಯಿಲೆಯೇ, ಫೋನು ಅದಕ್ಕೆ ಪರದೆ ಕಟ್ಟಿತು. ಸೇರುವಾಗ ಮುಖ ತೋರಿಸಿ, ತಮ್ಮ ಹೆಸರು, ವಾರ್ಡು, ಎಲ್ಲಿಂದ ಮಾತಾಡುತ್ತಿದ್ದೇನೆ, ಜೊತೆಗೆ ಯಾರಿದ್ದಾರೆ ಎಂದು ಸದಸ್ಯೆಯೇ ಹೇಳಬೇಕು. ಮತ ಹೇಳುವಾಗ ಮತ್ತೊಮ್ಮೆ ಮುಖ ಕಾಣಬೇಕು. ವಿಡಿಯೊ ಬರದ ಊರಾದರೆ ಸದಸ್ಯೆಯ ಸ್ವಂತ ಸಂಖ್ಯೆಗೆ ಪಿಡಿಒ ಕರೆ ಮಾಡಬೇಕು, ಅವರ ಕರೆಯನ್ನು ಬರಮಾಡಿಕೊಳ್ಳುವುದಲ್ಲ. ಬೇರೆಯವರ ದನಿ ಕೇಳಿದರೆ ಅಧ್ಯಕ್ಷರು ಒಮ್ಮೆ ಎಚ್ಚರಿಸಿ, ಆಮೇಲೆ ಲೈನು ಕಡಿದು, ಕಾರಣ ಬರೆಸಬೇಕು. ಅಧ್ಯಕ್ಷೆಯ ಪತಿಯೇ ಹೀಗೆ ಮಾಡುತ್ತಿದ್ದರೆ? ಸಭೆ ನಡೆಯುವಾಗಲೇ ಯಾವ ಸದಸ್ಯರಾದರೂ ಆಕ್ಷೇಪ ಎತ್ತಿ, “ನನ್ನ ಆಕ್ಷೇಪ ನಡಾವಳಿಗೆ ಬರೆಯಿರಿ” ಎನ್ನಬಹುದು. ಬರೆಯದಿದ್ದರೆ ಅಂದೇ ಇಒ ಅವರಿಗೆ ಲಿಖಿತ ದೂರು ಕೊಡಿ. ವಾರ ಬಿಟ್ಟು ಕೊಟ್ಟ ದೂರಿಗೆ ಅಷ್ಟು ತೂಕ ಇರುವುದಿಲ್ಲ.

ಮ್ಯೂಟ್ ವಿಚಾರದಲ್ಲಿ ಇಂಗ್ಲೆಂಡಿನ ಹ್ಯಾಂಡ್‌ಫೋರ್ತ್ ಎಂಬ ಸಣ್ಣ ಪಂಚಾಯಿತಿಯ ಕತೆ ಬಹಳ ಜನರ ಫೋನಿಗೆ ಬಂದಿತ್ತು. 2020ರ ಡಿಸೆಂಬರ್‌ನಲ್ಲಿ ಅಲ್ಲಿ ನಡೆದ ಆನ್‌ಲೈನ್ ಸಭೆಯಲ್ಲಿ, ಸಭೆ ನಡೆಸಿಕೊಡಲು ಬಂದಿದ್ದ ಮಹಿಳೆ ಅಧ್ಯಕ್ಷರನ್ನೇ ಹೊರಗೆ ಹಾಕಿದರು. ನಿಮಗೆ ಆ ಅಧಿಕಾರವೇ ಇಲ್ಲ ಎಂದು ಅಧ್ಯಕ್ಷರು ಕೂಗಾಡಿದರು. 2021ರ ಫೆಬ್ರುವರಿಯಲ್ಲಿ ಅದರ ವಿಡಿಯೊ ಜಗತ್ತೆಲ್ಲ ಸುತ್ತಿತು. ನಗು ಬರುವಂತಿದ್ದರೂ ಅಲ್ಲಿ ಎದ್ದ ಪ್ರಶ್ನೆ ನಮಗೂ ಇದೆ: ಗುಂಡಿ ಯಾರ ಕೈಯಲ್ಲಿ? ನಮ್ಮ ಸಲಹೆ, ಗುಂಡಿ ಪಿಡಿಒ ಅಥವಾ ಕಾರ್ಯದರ್ಶಿಯ ಕೈಯಲ್ಲಿ, ಅಪ್ಪಣೆ ಅಧ್ಯಕ್ಷರದು. ಬಾಯಿ ಬಿಟ್ಟು ಅಪ್ಪಣೆ ಕೊಡದೆ ಯಾರನ್ನೂ ಮ್ಯೂಟ್ ಮಾಡಬಾರದು. ಮಾಡಿದರೆ ಯಾರನ್ನು, ಯಾವಾಗ, ಯಾಕೆ ಎಂಬುದು ನಡಾವಳಿಗೆ ಬರಬೇಕು. ಹಿನ್ನೆಲೆಯಲ್ಲಿ ನಾಯಿ ಬೊಗಳುತ್ತಿದ್ದರೆ ಮ್ಯೂಟ್ ಮಾಡುವುದಕ್ಕೂ ಬಿಲ್ ಕೇಳಿದ್ದಕ್ಕೆ ಮ್ಯೂಟ್ ಮಾಡುವುದಕ್ಕೂ ಇರುವ ವ್ಯತ್ಯಾಸ ಆಗ ಪುಸ್ತಕದಲ್ಲೇ ಕಾಣುತ್ತದೆ.

ನಮ್ಮಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿದೆ. ಸಭೆಗಳನ್ನೆಲ್ಲ ಫೋನಿನಲ್ಲೇ ಮಾಡಿ ಎಂದು ಕೆಲವರು ಒತ್ತಾಯಿಸುತ್ತಿದ್ದಾರೆ.
– ಕೊಪ್ಪ ತಾಲ್ಲೂಕು

ಬೇಡ. ಮಂಗನ ಕಾಯಿಲೆ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ, ಉಣ್ಣೆ ಎಂಬ ರಕ್ತ ಹೀರುವ ಹುಳದ ಕಡಿತದಿಂದ ಬರುವಂಥದ್ದು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದಂದಿನಿಂದ ತಿಳಿದಿರುವ ಸಂಗತಿ ಇದು. ಒಂದೇ ಕೊಠಡಿಯಲ್ಲಿ ಕೂತರೆ ಅಪಾಯವಿಲ್ಲ, ಸೌದೆಗೆ, ದರಗಿಗೆ, ದನ ಹುಡುಕಲು ಕಾಡಿಗೆ ಹೋದರೆ ಇದೆ. ಹಾಗಾಗಿ ಇಂಥ ಹೊತ್ತಿನಲ್ಲಿ ಖುದ್ದು ಸಭೆ ನಡೆಸುವುದೇ ಸರಿ. ಯಾವ ಕಡೆ ಮಂಗ ಸತ್ತಿದೆ, ಉಣ್ಣೆ ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲ ಆಶಾ ಕಾರ್ಯಕರ್ತೆಯರ ಬಳಿ ಎಷ್ಟು ಇದೆ, ಯಾವ ಮನೆಗೆ ತಲುಪಿಲ್ಲ ಎಂಬುದು ನಕ್ಷೆ ಹರಡಿಕೊಂಡು ಮಾತಾಡಬೇಕಾದ ವಿಷಯ, ಫೋನಿನಲ್ಲಿ ಆಗುವಂಥದ್ದಲ್ಲ. ಡಿಸೆಂಬರಿನಿಂದ ಮೇ ತನಕ ಇದರ ಕಾಲ. ನವೆಂಬರ್ ಸಭೆಯಲ್ಲೇ ಈ ವಿಷಯ ಅಜೆಂಡಾದಲ್ಲಿರಲಿ.

ಯಾವ ರೋಗ ಬಂದರೂ ಮೊದಲು ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಕೇಳಬೇಕಾದ್ದು ಅದು ಹೇಗೆ ಹರಡುತ್ತದೆ ಎಂದು. ಡೆಂಗಿಗೂ ಇದೇ ಮಾತು. ಸೊಳ್ಳೆಯಿಂದ ಬರುವ ಜ್ವರಕ್ಕೆ ಸಭೆ ಮುಂದೂಡಿದರೆ ಚರಂಡಿ ಸ್ವಚ್ಛಗೊಳಿಸುವ ತೀರ್ಮಾನವೂ ಮುಂದೆ ಹೋಗುತ್ತದೆ.

ಖುದ್ದಾಗಿ ಬರುವವರಿಗೆ ಕೊಠಡಿಯ ವ್ಯವಸ್ಥೆ ಹೇಗಿರಬೇಕು?
– ಕಡೂರು ತಾಲ್ಲೂಕು

ಕೊರೊನಾದಂತೆ ಉಸಿರಿನಿಂದ ಹರಡುವ ರೋಗವಾದರೆ ಗಾಳಿ ಮುಖ್ಯ. ಮೇಜು ಒರೆಸುವುದಕ್ಕೆ ಕೊಡುವ ಗಮನವನ್ನು ಕಿಟಕಿಗೆ ಕೊಡಿ. ಎದುರುಬದುರು ಕಿಟಕಿ ಬಾಗಿಲು ತೆರೆದಿರಲಿ, ಎಸಿ ಇದ್ದರೆ ಬಂದ್ ಮಾಡಿ. ಎಲ್ಲಕ್ಕಿಂತ ಒಳ್ಳೆಯದು ಶಾಲೆಯ ಜಗಲಿ ಅಥವಾ ಸಮುದಾಯ ಭವನದ ಅಂಗಳ. ಕುರ್ಚಿಗಳ ನಡುವೆ ಆರಡಿ, ಎಲ್ಲರಿಗೂ ಮಾಸ್ಕ್. ಮೈಕನ್ನು ಕೈಯಿಂದ ಕೈಗೆ ದಾಟಿಸುವಾಗ ಮಾಸ್ಕ್ ಇಳಿಸಿಕೊಳ್ಳುವುದೇ ಹೆಚ್ಚು, ಆದ್ದರಿಂದ ಮೈಕು ಸ್ಟ್ಯಾಂಡಿನಲ್ಲೇ ಇರಲಿ. ಊಟ ತಿಂಡಿ ಆ ದಿನ ಬೇಡ. ಸಭೆ ಒಂದು ಗಂಟೆಯೊಳಗೆ ಮುಗಿಯುವಂತೆ ಅಜೆಂಡಾ ಕತ್ತರಿಸಿ.

ಗ್ರಾಮ ಸಭೆಗೆ ಲಿಂಕ್ ಕಳಿಸಿದರೆ ಸಾಕಲ್ಲವೇ? ಮನೆಯಲ್ಲೇ ಕೂತು ನೋಡಬಹುದು ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಅರ್ಧ ಜನರ ಬಳಿ ದೊಡ್ಡ ಫೋನೇ ಇಲ್ಲ.
– ಹಾಸನ ತಾಲ್ಲೂಕು

ಸಾಲದು. ಗ್ರಾಮ ಸಭೆಯ ಸದಸ್ಯರು ಎಂದರೆ ಆ ಪಂಚಾಯಿತಿಯ ಮತದಾರರೆಲ್ಲರೂ. ಅವರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟಾದರೂ ಸೇರಿರಬೇಕು. ಲಿಂಕ್ ಒತ್ತಿದ ಸಂಖ್ಯೆಯಿಂದ ಈ ನೂರನ್ನು ಎಣಿಸಲಾಗದು. ಒಬ್ಬರೇ ಎರಡು ಫೋನಿನಲ್ಲಿ ಇರಬಹುದು, ಬೆಂಗಳೂರಿನಲ್ಲಿರುವ ಮೊಮ್ಮಗ ಅಜ್ಜಿಯ ಹೆಸರಿನಲ್ಲಿ ಇರಬಹುದು. ಮನೆ, ನಿವೇಶನ, ಪಿಂಚಣಿಯ ಫಲಾನುಭವಿಗಳ ಪಟ್ಟಿ ಇಲ್ಲಿ ಓದುವುದರಿಂದ, ಫೋನಿಲ್ಲದವರ ಹೆಸರು ಬಿಟ್ಟುಹೋದಾಗ ಎದ್ದು ಕೇಳುವವರು ಇರುವುದಿಲ್ಲ. ಪಟ್ಟಿಯಲ್ಲಿ ಇರಬೇಕಾದವರೂ ಅವರೇ ಅಲ್ಲವೇ?

ರೋಗದ ಹೊತ್ತಿನಲ್ಲಿ ಗ್ರಾಮ ಸಭೆಯನ್ನು ಮುಂದೂಡಲು ಸರ್ಕಾರ ಹೇಳಿದ್ದರೆ ಮುಂದೂಡಿ. ನಡೆಸಲು ಬಿಟ್ಟಿದ್ದರೆ ಕೆಳಗಿನಿಂದ ಕಟ್ಟಿಕೊಂಡು ಬನ್ನಿ. ಕಾಯ್ದೆಯಲ್ಲೇ ಜನವಸತಿ ಸಭೆ, ವಾರ್ಡ್ ಸಭೆ ಇವೆ. ವಾರ್ಡ್ ಸಭೆಗೆ ಹತ್ತನೇ ಒಂದು ಭಾಗ ಅಥವಾ ಇಪ್ಪತ್ತು ಜ‌ನ ಸಾಕು. ಇಪ್ಪತ್ತು ಮೂವತ್ತು ಜನ ಅರಳಿಕಟ್ಟೆಯ ಸುತ್ತ ದೂರ ನಿಂತು ಬೇಡಿಕೆ ಹೇಳುವುದು ಸುಲಭ. ಬರಲಾಗದವರಿಗೆ ಬೇಡಿಕೆ ಪೆಟ್ಟಿಗೆಯನ್ನು ಒಂದು ವಾರ ಹಾಲಿನ ಡೇರಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಇಡಿ. ಬರೆಯಲು ಬಾರದವರದನ್ನು ಅಂಗನವಾಡಿ ಕಾರ್ಯಕರ್ತೆ ಬರೆದುಕೊಳ್ಳಲಿ. ಪೆಟ್ಟಿಗೆಯನ್ನು ಸಭೆಯಲ್ಲೇ ತೆರೆದು ಚೀಟಿಗಳಿಗೆ ಕ್ರಮಸಂಖ್ಯೆ ಹಾಕಿ ಓದಬೇಕು. ಪಟ್ಟಿಯ ಕರಡನ್ನು ಫಲಕಕ್ಕೆ ಹಾಕಿ, ಆಟೊದಲ್ಲಿ ಧ್ವನಿವರ್ಧಕ ಕಟ್ಟಿ ಬೀದಿ ಬೀದಿಯಲ್ಲಿ ಸಾರಿ. ನೇರಪ್ರಸಾರ ಮಾಡುವುದಾದರೆ ಮಾಡಿ, ದೂರದಲ್ಲಿರುವವರು ನೋಡಿಕೊಳ್ಳಲಿ, ಕೋರಂ ಲೆಕ್ಕದಿಂದ ಅದನ್ನು ಹೊರಗಿಡಿ.

ಫೋನಿನಲ್ಲಿ ಯಾವ ವಿಷಯಗಳನ್ನು ತೆಗೆದುಕೊಳ್ಳಲೇಬಾರದು?
– ತರೀಕೆರೆ ತಾಲ್ಲೂಕು

ಅಧ್ಯಕ್ಷ, ಉಪಾಧ್ಯಕ್ಷರ ಚುನಾವಣೆ ಮತ್ತು 49ನೇ ಪ್ರಕರಣದ ಅವಿಶ್ವಾಸ ನಿರ್ಣಯ. ಅವಿಶ್ವಾಸದ ಸಭೆ ಕರೆಯುವುದೇ ಉಪವಿಭಾಗಾಧಿಕಾರಿ, ಅದಕ್ಕೆ ತನ್ನದೇ ವಿಧಾನವಿದೆ. ಗುಟ್ಟಿನ ಮತ ಬೇಕಾದಲ್ಲಿ ಫೋನಿಗೆ ಜಾಗವಿಲ್ಲ, ಪಕ್ಕದಲ್ಲಿ ಯಾರು ಕೂತು ಹೇಳಿಕೊಡುತ್ತಿದ್ದಾರೆ ಎಂದು ನೋಡುವ ದಾರಿಯಿಲ್ಲ. ನಿವೇಶನ ಹಂಚಿಕೆ, ಸಿಬ್ಬಂದಿಯ ಮೇಲಿನ ದೂರು ಇವನ್ನೂ ಖುದ್ದು ಸಭೆಗೇ ಇಟ್ಟುಕೊಳ್ಳುವುದು ಮೇಲು.

ಎರಡನೇ ಅಲೆಯಲ್ಲಿ ನಮ್ಮ ಪಂಚಾಯಿತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಖರ್ಚಿನ ವಿವರ ಹಾಕಿ, ಹೆಬ್ಬೆರಳಿನ ಚಿತ್ರ ಒತ್ತಿದವರನ್ನೆಲ್ಲ ಒಪ್ಪಿದವರೆಂದು ನಿರ್ಣಯ ಬರೆದರು. ಈಗ ಆಡಿಟ್‌ನಲ್ಲಿ ಆಕ್ಷೇಪಣೆ ಬಂದಿದೆ. ಮುಂದೆ ಹೀಗಾಗದಿರಲು ಏನು ಮಾಡಬೇಕು?
– ಮಾಜಿ ಸದಸ್ಯರು, ಆಲೂರು ತಾಲ್ಲೂಕು

ಹೆಬ್ಬೆರಳಿನ ಚಿತ್ರ ಒಪ್ಪಿಗೆಯೂ ಆಗಬಹುದು, “ನೋಡಿದೆ” ಎಂಬುದೂ ಆಗಬಹುದು. ನೋಟಿಸು ಇಲ್ಲ, ಕೋರಂ ಇಲ್ಲ, ಚರ್ಚೆ ಇಲ್ಲ. ಅದು ಸಭೆಯೇ ಅಲ್ಲ, ಆಕ್ಷೇಪಣೆ ಬಂದದ್ದು ಸರಿಯೇ.

ಆಗಿನ ಪರಿಸ್ಥಿತಿಯೂ ನೆನಪಿರಬೇಕು. ಮೊದಲ ಅಲೆಯಲ್ಲಿ, 2020ರ ಮಧ್ಯದ ಹೊತ್ತಿಗೆ, ಬಹುತೇಕ ಪಂಚಾಯಿತಿಗಳ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದಿದ್ದರು. ಚುನಾವಣೆ ನಡೆದದ್ದು ಡಿಸೆಂಬರ್ 22 ಮತ್ತು 27ರಂದು. 2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆ ಎದುರಿಸಿದವರು ಕುರ್ಚಿಗೆ ಬಂದು ಕೆಲವೇ ತಿಂಗಳಾಗಿದ್ದ ಹೊಸ ಸದಸ್ಯರು. ಕೊರೊನಾ ತಡೆಗೆಂದು ಪಂಚಾಯಿತಿ ಮಟ್ಟದಲ್ಲಿ ರಚಿಸಿದ್ದ ಕಾರ್ಯಪಡೆಯ ಕೆಲಸಕ್ಕೂ ಪಂಚಾಯಿತಿ ಸಭೆಗೂ ವ್ಯತ್ಯಾಸ ಬಹಳ ಕಡೆ ಮಸುಕಾಯಿತು. ಕಾರ್ಯಪಡೆ ಗುಂಪಿನಲ್ಲಿ ಸಂದೇಶ ಹಾಕಿ ಕೆಲಸ ಹಂಚಿಕೊಳ್ಳಬಹುದು, ಹಣ ಮಂಜೂರು ಮಾಡಲು ಪಂಚಾಯಿತಿ ಸಭೆಯೇ ಬೇಕು.

ಮುಂದಿನ ಸಲಕ್ಕೆ, ರೋಗ ಇಲ್ಲದ ಈಗಲೇ ಒಂದು ಸಾಮಾನ್ಯ ಸಭೆಯಲ್ಲಿ ತುರ್ತು ಖರ್ಚಿನ ನಿರ್ಣಯ ಮಾಡಿಟ್ಟುಕೊಳ್ಳಿ. ಯಾವ ಬಾಬಿಗೆ, ಅಂದರೆ ಬ್ಲೀಚಿಂಗ್ ಪುಡಿ, ಸಿಂಪಡಣೆ, ಮಾಸ್ಕ್, ವಾಹನ ಬಾಡಿಗೆ, ಗರಿಷ್ಠ ಎಷ್ಟು, ಯಾರು ಬಿಲ್ಲಿಗೆ ಸಹಿ ಮಾಡಬೇಕು, ಎಷ್ಟು ದಿನದೊಳಗೆ ಸಭೆಯ ಮುಂದೆ ಇಡಬೇಕು ಎಂಬುದು ಅದರಲ್ಲಿರಲಿ. ಖರೀದಿ ನಿಯಮಗಳು ಈ ಖರ್ಚಿಗೂ ಅನ್ವಯಿಸುತ್ತವೆ, ತುರ್ತು ಎಂದ ಮಾತ್ರಕ್ಕೆ ದರಪಟ್ಟಿ ಬಿಡುವಂತಿಲ್ಲ. ಖರ್ಚಾದ ಮೇಲೆ ಬರುವ ಮೊದಲ ಖುದ್ದು ಸಭೆಯಲ್ಲಿ ಬಿಲ್ಲು, ದಾಸ್ತಾನು ವಹಿ, ವಿತರಣೆಯ ಪಟ್ಟಿ ಮೂರನ್ನೂ ಇಟ್ಟು ಘಟನೋತ್ತರ ಮಂಜೂರಾತಿ ಪಡೆಯಿರಿ.

ಈಗ ಬಂದಿರುವ ಆಕ್ಷೇಪಣೆಗೆ ಉತ್ತರಿಸುವಾಗ ವಾಟ್ಸ್‌ಆ್ಯಪ್ ಚಿತ್ರಗಳನ್ನು ನಿರ್ಣಯವೆಂದು ಸಮರ್ಥಿಸಬೇಡಿ. ಸಾಮಗ್ರಿ ಬಂದದ್ದಕ್ಕೆ ದಾಸ್ತಾನು ವಹಿ, ಹಂಚಿದ್ದಕ್ಕೆ ಆಶಾ ಕಾರ್ಯಕರ್ತೆಯರ ಸಹಿ ಇರುವ ಪಟ್ಟಿ, ಹಣ ಹೋದದ್ದಕ್ಕೆ ಬ್ಯಾಂಕ್ ವಿವರ ಇವನ್ನು ಪಿಡಿಒ ಮೂಲಕ ಒದಗಿಸಿ. ಈಗಿನ ಆಡಳಿತದ ಮುಂದೆ ವಿಷಯ ಇಡಲು ಅವರನ್ನೇ ಕೇಳಬೇಕು. ಮಾಜಿ ಸದಸ್ಯರು ನೇರವಾಗಿ ನಿರ್ಣಯ ತಿದ್ದಿಸಲು ಬರುವುದಿಲ್ಲ.